ಹೊಸಬರ ಕೈಗೆ ಕೋಸಂಬರಿ ಪಾತ್ರೆ ಕೊಡಿ

ಪ್ರಶ್ನೆ: ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಮೂರು ವರ್ಷದಿಂದ ಇಂಟರ್ನೆಟ್ ಹೆಸರುಗಳ ನಿಯಮ ಮಾಡುವ ಐಕ್ಯಾನ್ ಸಂಸ್ಥೆಯ ಸಭೆಗಳಲ್ಲಿ ಆನ್‌ಲೈನ್ ಮೂಲಕ ಭಾಗವಹಿಸುತ್ತಿದ್ದೇನೆ, ಎರಡು ವರ್ಕಿಂಗ್ ಗ್ರೂಪ್‌ಗಳಲ್ಲಿ ಅಷ್ಟಿಷ್ಟು ಕೆಲಸವನ್ನೂ ಮಾಡಿದ್ದೇನೆ. ಈಗ ಇಂಟರ್ನೆಟ್ ಗವರ್ನೆನ್ಸ್, ಅಂದರೆ ಇಂಟರ್ನೆಟ್ ನಡೆಯುವ ನಿಯಮಗಳನ್ನು ರೂಪಿಸುವ ಕೆಲಸ, ಇದರ ತರಬೇತಿ ಕಾರ್ಯಕ್ರಮವೊಂದರವರು ಇಬ್ಬರು ಹೊಸಬರಿಗೆ ನನ್ನನ್ನು ಮೆಂಟರ್ ಮಾಡಿದ್ದಾರೆ. ಒಬ್ಬ ಕಲಬುರಗಿಯ ಹುಡುಗ, ಇಂಜಿನಿಯರಿಂಗ್ ಕೊನೆಯ ವರ್ಷ. ಇನ್ನೊಬ್ಬರು ಹಾಸನದ ಕಡೆಯ ಕನ್ನಡ ಉಪನ್ಯಾಸಕಿ. ಇಬ್ಬರಿಗೂ ಓದೋಕೆ ಬೇಕಾದಷ್ಟು ಲಿಂಕ್ ಕಳಿಸಿದೆ. ಹುಡುಗ ಮೂರು ವಾರ ತುಂಬಾ ಉತ್ಸಾಹದಲ್ಲಿದ್ದ, ಈಗ ಮೆಸೇಜಿಗೆ ಉತ್ತರವೇ ಇಲ್ಲ. ಮೇಡಂ "ಇದೆಲ್ಲ ನನ್ನಂಥವರಿಗಲ್ಲ" ಅನ್ನುತ್ತಾರೆ. ನಾನೇ ಇನ್ನೂ ಪೂರ್ತಿ ಕಲಿತಿಲ್ಲ, ಇವರಿಗೆ ಏನು ಕಲಿಸಲಿ? ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:

ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು "ಬೇಕಾದಷ್ಟು ಲಿಂಕ್ ಕಳಿಸಿದೆ" ಅನ್ನುವ ಮಾತು. ತಪ್ಪಿರುವುದು ಅಲ್ಲೇ. ಬೇಜಾರು ಮಾಡಿಕೊಳ್ಳಬೇಡಿ, ಮೊದಲ ಸಲ ಮೆಂಟರ್ ಆದಾಗ ನಾನೂ ಅದನ್ನೇ ಮಾಡಿದ್ದೆ. ಒಂದು ಭಾನುವಾರ ಪೂರ್ತಿ ಕೂತು ನಲವತ್ತು ಲಿಂಕ್‌ಗಳ ಪಟ್ಟಿ ಮಾಡಿದೆ, ವಿಷಯವಾರು ಜೋಡಿಸಿದೆ, ಒಂದೊಂದರ ಮುಂದೆಯೂ ಒಂದು ಸಾಲಿನ ವಿವರಣೆ ಬರೆದು ಕಳಿಸಿದೆ. ಆ ಹುಡುಗಿ "ತುಂಬಾ ಥ್ಯಾಂಕ್ಸ್ ಸರ್, ಓದಿ ಹೇಳ್ತೀನಿ" ಅಂದಳು. ಆಮೇಲೆ ಅವಳಿಂದ ಒಂದು ಮಾತೂ ಬರಲಿಲ್ಲ. ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ಸಿಕ್ಕಾಗ ಅವಳೇ ಹೇಳಿದಳು: ಆರನೇ ಲಿಂಕಿಗೇ ನಿಂತುಹೋಗಿದ್ದಳಂತೆ. ನಲವತ್ತನ್ನೂ ಓದಿ ಮುಗಿಸದೆ ನನ್ನ ಹತ್ತಿರ ಮಾತಾಡುವುದು ಹೇಗೆ ಅಂತ ನಾಚಿಕೆಪಟ್ಟು ಸುಮ್ಮನಾದಳಂತೆ. ಒಳ್ಳೆಯದಾಗಲಿ ಅಂತ ನಾನು ಕೊಟ್ಟ ಪಟ್ಟಿಯೇ ಅವಳಿಗೂ ನನಗೂ ನಡುವೆ ಗೋಡೆ ಆಯಿತು.

ಈ ಜಗತ್ತಿಗೆ ಹೊಸಬರು ಬಂದಾಗ ಅವರಿಗೆ ಏನು ಕಾಣುತ್ತದೆ ಅಂತ ಒಂದು ಸಲ ನೆನಪಿಸಿಕೊಳ್ಳಿ. ಇಂಟರ್ನೆಟ್‌ಗೆ ಒಬ್ಬ ಯಜಮಾನ ಇಲ್ಲ. ಡೊಮೇನ್ ಹೆಸರುಗಳ, ಅಂದರೆ ವೆಬ್‌ಸೈಟ್ ವಿಳಾಸದ ಹೆಸರುಗಳ, ನಿಯಮ ತಯಾರಾಗುವುದು 1998ರಲ್ಲಿ ಹುಟ್ಟಿದ ಐಕ್ಯಾನ್‌ನಲ್ಲಿ. ಕಂಪ್ಯೂಟರ್‌ಗಳು ಒಂದರ ಜೊತೆ ಒಂದು ಹೇಗೆ ಮಾತಾಡಬೇಕು ಅನ್ನುವುದು ತೀರ್ಮಾನವಾಗುವುದು ಇಂಜಿನಿಯರ್‌ಗಳ ಗುಂಪಾದ ಐಇಟಿಎಫ್‌ನಲ್ಲಿ. 1986ರಲ್ಲಿ ಅದರ ಮೊದಲ ಸಭೆಗೆ ಬಂದಿದ್ದವರು 21 ಜನ. ನಮ್ಮ ಏಷ್ಯಾ ಪೆಸಿಫಿಕ್ ಭಾಗದಲ್ಲಿ ಕಂಪ್ಯೂಟರ್‌ಗಳನ್ನು ಗುರುತಿಸುವ ನಂಬರ್‌ಗಳ, ಅಂದರೆ ಐಪಿ ಅಡ್ರೆಸ್‌ಗಳ ಲೆಕ್ಕ ಬ್ರಿಸ್ಬೇನ್‌ನಲ್ಲಿರುವ ಏಪಿನಿಕ್‌ನದು. ಸರ್ಕಾರ, ಕಂಪನಿ, ಸಂಘಸಂಸ್ಥೆ, ಸಾಮಾನ್ಯ ಜನ ಎಲ್ಲರೂ ಒಟ್ಟಿಗೆ ಕೂತು ಮಾತಾಡಲಿ ಅಂತ ವಿಶ್ವಸಂಸ್ಥೆ ಶುರು ಮಾಡಿದ್ದು ಐಜಿಎಫ್. ಅದು 2006ರಲ್ಲಿ ಅಥೆನ್ಸ್‌ನಲ್ಲಿ ಮೊದಲಾಗಿ 2008ರಲ್ಲಿ ಹೈದರಾಬಾದಿಗೂ ಬಂದಿತ್ತು. ಅಲ್ಲಿ ತೀರ್ಮಾನ ಮಾಡುವುದಿಲ್ಲ, ಮಾತುಕತೆ ಮಾತ್ರ. ಐಕ್ಯಾನ್ ಒಂದರ ಒಳಗೇ ಜಿಎನ್‌ಎಸ್‌ಒ, ಸಿಸಿಎನ್‌ಎಸ್‌ಒ, ಜಿಎಸಿ, ಅಟ್-ಲಾರ್ಜ್ ಅಂತ ಗುಂಪುಗಳು, ಅವುಗಳ ಒಳಗೆ ಇನ್ನಷ್ಟು ಗುಂಪುಗಳು. ಹೆಚ್ಚಿನ ಕಡೆ ಯಾರು ಬೇಕಾದರೂ ಬರಬಹುದು. ದುಡ್ಡು ಕೊಡಬೇಕಿಲ್ಲ, ಡಿಗ್ರಿ ತೋರಿಸಬೇಕಿಲ್ಲ.

ಆದರೆ ಇದು ಪರಿಚಯ ಇಲ್ಲದವರ ಮದುವೆ ಮನೆಗೆ ಹೋದ ಹಾಗೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರೆ, ಬನ್ನಿ ಬನ್ನಿ ಅನ್ನುತ್ತಾರೆ, ಊಟಕ್ಕೂ ಕೂರಿಸುತ್ತಾರೆ. ಯಾರೂ ಕೆಟ್ಟದಾಗಿ ನಡೆದುಕೊಳ್ಳುವುದಿಲ್ಲ. ಆದರೂ ನಾವು ಗೋಡೆಗೆ ಒರಗಿ ಫೋನ್ ನೋಡುತ್ತಾ ನಿಂತಿರುತ್ತೇವೆ, ಅಲ್ವಾ? ಅಷ್ಟರಲ್ಲಿ ಮನೆಯವರೊಬ್ಬರು ಬಂದು "ಸ್ವಲ್ಪ ಬನ್ನಿ, ಆ ಪಂಕ್ತಿಗೆ ಕೋಸಂಬರಿ ಬಡಿಸಿ" ಅಂತ ಕೈಗೆ ಪಾತ್ರೆ ಕೊಟ್ಟರೆ ಮುಗಿಯಿತು. ಆ ಕ್ಷಣಕ್ಕೆ ನೀವು ಆ ಮನೆಯವರು. ಯಾರು ಯಾರ ಚಿಕ್ಕಪ್ಪ ಅಂತ ಆಮೇಲೆ ತಾನಾಗಿ ಗೊತ್ತಾಗುತ್ತದೆ. ಮೆಂಟರ್ ಮಾಡಬೇಕಾದದ್ದು ಇಷ್ಟೇ ಅಂತ ನಾನು ನಂಬಿದ್ದೇನೆ. ಒಂದು ಚಿಕ್ಕ, ನಿಜವಾದ ಕೆಲಸ. ಅದಕ್ಕೆ ಒಂದು ದಿನಾಂಕ. ಅದು ಮುಗಿಯುವುದನ್ನು ಕಾಯುತ್ತಿರುವ ಒಬ್ಬ ಮನುಷ್ಯ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಹೊಸಬರು ಉಳಿಯುವುದಿಲ್ಲ.

ನನಗೆ ಇದು ಗೊತ್ತಾದದ್ದು ಹೈದರಾಬಾದಿನಲ್ಲಿ, 2016ರ ನವೆಂಬರ್‌ನಲ್ಲಿ. ಐಕ್ಯಾನ್‌ನ 57ನೇ ಸಭೆ, ಮೂರನೇ ತಾರೀಖಿನಿಂದ ಒಂಬತ್ತರವರೆಗೆ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಅಕ್ಟೋಬರ್ 1ರಂದು, ಅಮೆರಿಕ ಸರ್ಕಾರ ಇಂಟರ್ನೆಟ್‌ನ ಮೂಲ ಹೆಸರು ಮತ್ತು ನಂಬರ್‌ಗಳ ಮೇಲಿನ ತನ್ನ ಉಸ್ತುವಾರಿಯನ್ನು ಬಿಟ್ಟುಕೊಟ್ಟಿತ್ತು. ಎಲ್ಲರ ಬಾಯಲ್ಲೂ ಅದೇ ಮಾತು. ನಾನು ಐದು ದಿನ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಿದೆ, ಒಂದು ನೋಟ್‌ಬುಕ್ ತುಂಬಿಸಿದೆ, ಒಬ್ಬರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಕೊನೆಯ ದಿನಕ್ಕೆ ಮುಂಚಿನ ಸಂಜೆ, ನವೆಂಬರ್ 8. ನಿಮಗೆ ನೆನಪಿರಬೇಕು, 500 ಮತ್ತು 1,000ದ ನೋಟು ರದ್ದು ಅಂತ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಹೇಳಿದ್ದು ಅವತ್ತೇ.

ಊಟ ಮುಗಿಸಿ ಹೊರಗೆ ಬಂದರೆ ಒಬ್ಬ ಹಿರಿಯ ಹೆಂಗಸು ಆಟೋದವನ ಹತ್ತಿರ ನಿಂತಿದ್ದರು. ಆಫ್ರಿಕಾದ ಕಡೆಯವರು, ಹತ್ತು ವರ್ಷದಿಂದ ಈ ಸಭೆಗಳಿಗೆ ಬರುತ್ತಿದ್ದವರು. ಕೈಯಲ್ಲಿ ಬೆಳಿಗ್ಗೆಯಷ್ಟೇ ಬದಲಾಯಿಸಿಕೊಂಡ ಐನೂರರ ನೋಟುಗಳು. ಆಟೋದವನು ಬೇಡ ಅನ್ನುತ್ತಿದ್ದ, ಏಕೆ ಬೇಡ ಅಂತ ಅವರಿಗೆ ಅರ್ಥವಾಗುತ್ತಿರಲಿಲ್ಲ. ನನ್ನ ಹತ್ತಿರ ನೂರರ ನೋಟು ಇದ್ದವು. ನಾನೂ ಅದೇ ದಾರಿ, ಬನ್ನಿ ಅಂದೆ. ದಾರಿಯಲ್ಲಿ ಕೇಳಿದರು, "ಇವತ್ತು ಏನು ಅರ್ಥ ಆಯಿತು?" ಏನೂ ಇಲ್ಲ ಅಂದೆ. ಅವರು ಸಮಾಧಾನವನ್ನೂ ಹೇಳಲಿಲ್ಲ, ಓದೋಕೆ ಪುಸ್ತಕವನ್ನೂ ಹೇಳಲಿಲ್ಲ. "ನಾಳೆ ಬೆಳಿಗ್ಗೆಯ ಸಭೆಗೆ ನಾನು ಬರೋಕೆ ಆಗಲ್ಲ, ಅದೇ ಹೊತ್ತಿಗೆ ಇನ್ನೊಂದಿದೆ. ಯಾರು ಏನನ್ನು ಒಪ್ಪಲಿಲ್ಲ ಅಂತ ನನಗೆ ಮೂರು ಸಾಲು ಬರೆದುಕೊಡು, ಊಟದ ಹೊತ್ತಿಗೆ ಬೇಕು" ಅಂದರು.

ಮಾರನೇ ದಿನ ಆ ಕೋಣೆಯಲ್ಲಿ ನಾನು ಕೂತ ರೀತಿಯೇ ಬೇರೆ ಇತ್ತು. ಐದು ದಿನ ಎಲ್ಲವನ್ನೂ ಕೇಳಿಸಿಕೊಳ್ಳಲು ಹೋಗಿ ಏನೂ ಕೇಳಿಸಿರಲಿಲ್ಲ. ಅವತ್ತು ಹುಡುಕುತ್ತಿದ್ದದ್ದು ಒಂದೇ, ಯಾರು ಒಪ್ಪುತ್ತಿಲ್ಲ? ಊಟದ ಹೊತ್ತಿಗೆ ಮೂರು ಸಾಲು ಕೊಟ್ಟೆ. ಓದಿ, ಮೂರನೇ ಸಾಲಿನ ಮೇಲೆ ಬೆರಳಿಟ್ಟು, "ಇವರು ಯಾಕೆ ಒಪ್ಪಲಿಲ್ಲ?" ಅಂದರು. ಗೊತ್ತಿಲ್ಲ ಅಂದೆ. "ಅಲ್ಲೇ ಕಾಫಿ ಕುಡೀತಿದ್ದಾರೆ ನೋಡು, ಕೇಳೋಣ ಬಾ" ಅಂತ ಕರೆದುಕೊಂಡು ಹೋದರು. ಆ ಮನುಷ್ಯ ಇಪ್ಪತ್ತು ನಿಮಿಷ ಬಿಡಿಸಿ ಹೇಳಿದರು. ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಇವತ್ತು ನಿಮಗೆ ಉತ್ತರ ಬರೆಯುತ್ತಿರಲಿಲ್ಲ. ಒಂದು ತಿಂಗಳ ಮೇಲೆ ಆಕೆಯಿಂದ ಒಂದು ಇಮೇಲ್ ಬಂತು: ಮಂಗಳವಾರ ಗುಂಪಿನ ಕಾಲ್ ಇದೆ, ನೋಟ್ಸ್ ತಗೊಳ್ಳೋರು ಬೇಕು, ನಿನ್ನ ಹೆಸರು ಹೇಳಿದ್ದೇನೆ.

ಇದರಲ್ಲಿ ಎರಡು ವಿಷಯ ಗಮನಿಸಿ. ಅವರು ಕೊಟ್ಟ ಕೆಲಸ ಅವರಿಗೆ ನಿಜವಾಗಿಯೂ ಬೇಕಿತ್ತು. ಹೊಸಬರಿಗಾಗಿ ಹುಟ್ಟಿಸಿದ ಹೋಮ್‌ವರ್ಕ್ ಅಲ್ಲ ಅದು. ಹೋಮ್‌ವರ್ಕ್ ಅಂದರೆ ಯಾರಿಗಾದರೂ ವಾಸನೆ ಗೊತ್ತಾಗುತ್ತದೆ, ನೀವು ಮೇಷ್ಟ್ರು, ನಿಮಗೆ ನಾನು ಹೇಳಬೇಕಿಲ್ಲ. ಎರಡನೆಯದು, ಸಭೆ ಮುಗಿದ ಮೇಲೆ ಬಂದ ಆ ಇಮೇಲ್. ಸಭೆಯ ವಾರದಲ್ಲಿ ಹೊಸಬರನ್ನು ಎಲ್ಲರೂ ಮಾತಾಡಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಬಿಟ್ಟುಹೋಗುವುದು ಊರಿಗೆ ವಾಪಸ್ ಬಂದ ಮೇಲಿನ ಆರು ತಿಂಗಳಲ್ಲಿ. ಐಕ್ಯಾನ್ 2007ರಿಂದ ಫೆಲೋಶಿಪ್ ಕೊಡುತ್ತಾ ಬಂದಿದೆ. ಟಿಕೆಟ್, ರೂಮು ಎಲ್ಲ ನೋಡಿಕೊಳ್ಳುತ್ತಾರೆ, ನಿಜವಾಗಿಯೂ ಒಳ್ಳೆಯ ಕಾರ್ಯಕ್ರಮ. ಆದರೆ ವಿಮಾನ ಇಳಿದ ಮೇಲೆ ಫೋನ್ ಮಾಡಬೇಕಾದದ್ದು ನೀವು, ಆ ಕೆಲಸವನ್ನು ಯಾವ ಕಾರ್ಯಕ್ರಮವೂ ನಿಮ್ಮ ಪರವಾಗಿ ಮಾಡಲಾರದು.

ಈಗ ನಿಮ್ಮ ಕನ್ನಡ ಮೇಡಂ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಆಸೆ ಇರುವುದು ಅವರ ಮೇಲೆಯೇ. "ನನ್ನಂಥವರಿಗಲ್ಲ" ಅಂದಿದ್ದಾರೆ ಅಂದರೆ ನೀವು ಅವರಿಗೆ ತೋರಿಸಿದ್ದು ಅವರಿಗೆ ಗೊತ್ತಿಲ್ಲದ್ದನ್ನು ಮಾತ್ರ. ಅವರಿಗೆ ಚೆನ್ನಾಗಿ ಗೊತ್ತಿರುವುದು ಕನ್ನಡದ ಅಕ್ಷರ. ಅದು ಈ ಜಗತ್ತಿನಲ್ಲಿ ಎಷ್ಟು ಬೇಕಾದ ತಿಳಿವಳಿಕೆ ಅಂತ ಅವರಿಗೆ ಯಾರೂ ಹೇಳಿಲ್ಲ.

ನಿಮಗೆ ಗೊತ್ತಿರುವ ಹಾಗೆ, ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅನ್ನುವ ಡೊಮೇನ್ ಇದೆ. ಡೊಮೇನ್‌ನ ಕೊನೆಯಲ್ಲಿ, ಅಂದರೆ ಡಾಟ್ ಕಾಮ್ ಬರುವ ಜಾಗದಲ್ಲಿ, ಕನ್ನಡದ ಹೆಸರು ಬರಬೇಕಾದರೆ ಯಾವ ಅಕ್ಷರ ಯಾವುದರ ಜೊತೆ ಬರಬಹುದು ಅಂತ ನಿಯಮ ಬೇಕಲ್ಲ? ಅದನ್ನು ಬರೆಯೋಕೆ ನಿಯೋ-ಬ್ರಾಹ್ಮಿ ಜನರೇಷನ್ ಪ್ಯಾನೆಲ್ ಅಂತ ಒಂದು ಗುಂಪು ಕೆಲಸ ಮಾಡಿತು. ಕನ್ನಡ, ತೆಲುಗು, ತಮಿಳು, ಮಲಯಾಳಂ, ದೇವನಾಗರಿ, ಬಂಗಾಳಿ, ಗುಜರಾತಿ, ಗುರುಮುಖಿ, ಒಡಿಯಾ, ಒಟ್ಟು ಒಂಬತ್ತು ಲಿಪಿ. ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟರು, ತಿದ್ದಿದರು, 2019ರಲ್ಲಿ ಐಕ್ಯಾನ್‌ನ ನಿಯಮಾವಳಿಗೆ ಕನ್ನಡದ ನಿಯಮ ಸೇರಿಕೊಂಡಿತು.

ಮೇಡಂ ಜೊತೆ ಒಂದು ಗಂಟೆ ಕೂತು ಇದನ್ನು ಸ್ಕ್ರೀನ್ ಮೇಲೆ ತೋರಿಸಿ. ಮೊದಲು ಕನ್ನಡದ ಜ, ರ, ಲ ಬರೆಯಿರಿ. ಪಕ್ಕದಲ್ಲಿ ತೆಲುಗಿನ జ, ర, ల ಹಾಕಿ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರ್‌ಗೆ ಪೂರ್ತಿ ಬೇರೆ. ಯಾರೋ ಕನ್ನಡದಲ್ಲಿ ಒಂದು ಹೆಸರು ತೆಗೆದುಕೊಂಡು, ಇನ್ಯಾರೋ ಅದೇ ಥರ ಕಾಣುವ ತೆಲುಗಿನ ಹೆಸರು ತೆಗೆದುಕೊಂಡರೆ ಜನ ಮೋಸ ಹೋಗುತ್ತಾರೆ. ಅದಕ್ಕೇ ಈ ನಿಯಮದಲ್ಲಿ ಹಾಗೆ ಕಾಣುವ ಕೆಲವು ಕನ್ನಡ, ತೆಲುಗು ಅಕ್ಷರಗಳನ್ನು ಜೋಡಿ ಅಂತ ಗುರುತಿಸಿದ್ದಾರೆ. ಒಂದು ಒಬ್ಬರ ಪಾಲಾದರೆ ಅದರ ಜೋಡಿ ಬೇರೆಯವರಿಗೆ ಹೋಗುವುದಿಲ್ಲ.

ಆಮೇಲೆ ರ‍್ಯಾಂಕ್ ಅಂತ ಟೈಪ್ ಮಾಡಿ ತೋರಿಸಿ. ನಾವು ರ ಬರೆದು ಅದರ ಕೆಳಗೆ ಯ ಒತ್ತು ಕೊಡುತ್ತೇವೆ. ಸುಮ್ನೆ ಟೈಪ್ ಮಾಡಿದರೆ ಅದು ಅರ್ಕಾವೊತ್ತಾಗಿ ರ್ಯಾಂಕ್ ಅಂತ ಬರುತ್ತದೆ. ಸರಿಯಾಗಿ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ರಾಜ್‌ಕುಮಾರ್ ಅಂತ ಬಿಡಿಸಿ ಬರೆಯೋಕೂ ಅಂಥದ್ದೇ ಇನ್ನೊಂದು ಬೇಕು, ಇಲ್ಲದಿದ್ದರೆ ರಾಜ್ಕುಮಾರ್ ಅಂತ ಜ ಕೆಳಗೆ ಕ ಒತ್ತಾಗಿ ಕೂರುತ್ತದೆ. ಡೊಮೇನ್‌ನ ಆ ಕೊನೆಯ ಜಾಗದಲ್ಲಿ ಈ ಕಾಣದ ಅಕ್ಷರಗಳಿಗೆ ಜಾಗ ಇಲ್ಲ. ಕಣ್ಣಿಗೆ ಕಾಣದ್ದನ್ನು ಬಿಟ್ಟುಕೊಂಡರೆ ಎರಡು ಬೇರೆ ಹೆಸರು ಒಂದೇ ಥರ ಕಾಣುವ ಅಪಾಯ ಇದೆ ಅನ್ನುವುದು ಅದಕ್ಕೆ ಕಾರಣ. ಸುರಕ್ಷತೆ ದೊಡ್ಡದೋ, ಕನ್ನಡ ಕನ್ನಡದ ಹಾಗೆ ಕಾಣುವುದು ದೊಡ್ಡದೋ? ಇದಕ್ಕೆ ನಿಮ್ಮ ಹತ್ತಿರವೂ ಉತ್ತರ ಇಲ್ಲ, ನನ್ನ ಹತ್ತಿರವೂ ಪೂರ್ತಿ ಇಲ್ಲ. ಮೇಡಂ ಹತ್ತಿರ ಒಂದು ಅಭಿಪ್ರಾಯವಂತೂ ಇರುತ್ತದೆ. ಇಪ್ಪತ್ತು ವರ್ಷ ಒತ್ತಕ್ಷರ ತಿದ್ದಿದವರು ಈ ಪ್ರಶ್ನೆ ಕೇಳಿ ಸುಮ್ಮನಿರುವುದನ್ನು ನಾನು ಕಂಡಿಲ್ಲ.

ಅವರಿಗೆ ಕೊಡಬಹುದಾದ ಪಾತ್ರೆ ಇದು: ಕನ್ನಡದಲ್ಲಿ ಒಂದು ಇಮೇಲ್ ಐಡಿ ಮಾಡಿಕೊಡಿ. ಅವರು ದಿನವೂ ಬಳಸುವ ಹತ್ತು ಕಡೆ ಅದನ್ನು ಹಾಕಿ ನೋಡಲಿ. ಬ್ಯಾಂಕು, ಪರೀಕ್ಷೆಯ ಅರ್ಜಿ, ಬಸ್ ಟಿಕೆಟ್, ಕಾಲೇಜಿನ ಪೋರ್ಟಲ್, ಯಾವುದಾದರೂ ಸರಿ. ಎಲ್ಲಿ ಒಪ್ಪಿತು, ಎಲ್ಲಿ 'ತಪ್ಪು ಇಮೇಲ್' ಅಂತ ಕೆಂಪಕ್ಷರ ಬಂತು ಅಂತ ಒಂದು ಪುಟ ಬರೆಯಲಿ. ಇಂಗ್ಲಿಷ್ ಅಲ್ಲದ ಲಿಪಿಗಳ ಇಮೇಲ್‌ಗೆ ಐಇಟಿಎಫ್ 2012ರಲ್ಲೇ ಮಾನದಂಡ ಕೊಟ್ಟಿದೆ. ಇಷ್ಟು ವರ್ಷ ಆದ ಮೇಲೂ ಹಿಂದೆ ಬಿದ್ದಿರುವುದು ವೆಬ್‌ಸೈಟ್ ಮಾಡುವವರು. ಇದನ್ನು ಸರಿಪಡಿಸೋಕೆ ಅಂತಲೇ ಯೂನಿವರ್ಸಲ್ ಅಕ್ಸೆಪ್ಟೆನ್ಸ್ ಅನ್ನುವ ಹೆಸರಿನಲ್ಲಿ ಕೆಲಸ ನಡೆಯುತ್ತಿದೆ, 2023ರಿಂದ ಅದಕ್ಕೊಂದು ದಿನಾಚರಣೆಯೂ ಇದೆ. ಅಲ್ಲಿ ಭಾಷಣ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಹಾಸನದಲ್ಲಿ ಕೂತು ಕನ್ನಡದ ಐಡಿ ಹಾಕಿ ನೋಡಿ ಹೀಗೆ ಆಯಿತು ಅಂತ ಬರೆದುಕೊಡುವವರು ತೀರಾ ಕಡಿಮೆ. ಆ ಪುಟ ಕನ್ನಡದಲ್ಲೇ ಇರಲಿ. ಇಂಗ್ಲಿಷಿಗೆ ತರುವ ಕೆಲಸ ನಿಮ್ಮದು, ಮೇಲೆ ಹಾಕುವ ಹೆಸರು ಅವರದು. ಈ ಹೆಸರಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಹೊಸಬರ ಕೆಲಸ ಮೆಂಟರ್ ಹೆಸರಿನಲ್ಲಿ ಹೋಗುವುದನ್ನು ನೋಡಿದ್ದೇನೆ, ಹಾಗೆ ಒಂದು ಸಲ ಆದವರು ಮತ್ತೆ ಯಾರನ್ನೂ ನಂಬುವುದಿಲ್ಲ.

ಇದು ಕೈಗೆ ಹತ್ತಿದ ಮೇಲೆ ಪಬ್ಲಿಕ್ ಕಾಮೆಂಟ್ ಕಡೆ ಕರೆದುಕೊಂಡು ಹೋಗಿ. ಐಕ್ಯಾನ್‌ನ ಕರಡುಗಳು ಸಾಮಾನ್ಯವಾಗಿ 40 ದಿನ ತೆರೆದಿರುತ್ತವೆ, ಯಾರು ಬೇಕಾದರೂ ಬರೆಯಬಹುದು. ಇಡೀ ಕರಡಿಗೆ ಉತ್ತರ ಬರೆಯಬೇಕು ಅಂತ ಹೊಸಬರು ಹೆದರುತ್ತಾರೆ. ಹಾಗೇನಿಲ್ಲ. ಒಂದೇ ಪ್ಯಾರಾ ಬಗ್ಗೆ ಎಂಟು ಸಾಲು ಬರೆದರೂ ಅದನ್ನು ಓದುತ್ತಾರೆ, ಬಂದ ಅಭಿಪ್ರಾಯಗಳ ವರದಿಯಲ್ಲಿ ಅದೂ ಸೇರುತ್ತದೆ.

ಹುಡುಗನ ವಿಷಯ ಬೇರೆ. ಮೊದಲು ಒಂದು ಕೇಳುತ್ತೇನೆ, ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ ಮೂರು ವಾರ ಆದ ಮೇಲೆ ಮಾಯ ಆಗಿದ್ದಾನೆ ಅಂದರೆ ಪರೀಕ್ಷೆಯೋ, ಪ್ರಾಜೆಕ್ಟೋ, ಪ್ಲೇಸ್‌ಮೆಂಟೋ ಇರಬಹುದಲ್ವಾ? ಆಸಕ್ತಿ ಹೋಗಿದೆ ಅಂತ ನಾವು ಬೇಗ ಅಂದುಕೊಂಡುಬಿಡುತ್ತೇವೆ. ಮೆಸೇಜ್ ಹಾಕಬೇಡಿ, ಫೋನ್ ಮಾಡಿ. ಲಿಂಕ್ ವಿಷಯ ಎತ್ತಲೇಬೇಡಿ. "ದಿನಾ ಏನು ಮಾಡ್ತೀಯಪ್ಪ, ಯಾವುದು ಮಾಡುವಾಗ ಹೊತ್ತು ಹೋಗಿದ್ದು ಗೊತ್ತಾಗಲ್ಲ?" ಅಂತ ಕೇಳಿ. ಹೊಸಬರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನುವುದು ಈ ಒಂದು ಪ್ರಶ್ನೆಯ ಉತ್ತರದಲ್ಲಿದೆ. ಕಾಲೇಜಿನ ನೆಟ್‌ವರ್ಕ್ ರೂಮಿನಲ್ಲಿ ಕಾಲ ಕಳೆಯುವ ಹುಡುಗನಾದರೆ ಏಪಿನಿಕ್. ಕೋಡ್ ಬರೆಯುವವನಾದರೆ ಐಇಟಿಎಫ್. ಕಾನೂನು, ಹಕ್ಕು ಅಂತ ತಲೆಕೆಡಿಸಿಕೊಳ್ಳುವವನಾದರೆ ಐಕ್ಯಾನ್‌ನ ನಾಗರಿಕ ಸಂಘಗಳ ಗುಂಪು. ಮಾತುಗಾರನಾದರೆ ಯೂತ್ ಐಜಿಎಫ್. ನಾವು ಮಾಡುವ ತಪ್ಪು ಏನೆಂದರೆ, ನಮಗೆ ಗೊತ್ತಿರುವ ಮನೆಗೇ ಎಲ್ಲರನ್ನೂ ಕರೆದುಕೊಂಡು ಹೋಗುತ್ತೇವೆ. ನೀವು ಐಕ್ಯಾನ್‌ನಲ್ಲಿದ್ದೀರಿ, ಹಾಗಂತ ಅವನೂ ಅಲ್ಲೇ ಇರಬೇಕಿಲ್ಲ.

ಅವನಿಗೂ ಒಂದು ಕೈಕೆಲಸ ಹೇಳುತ್ತೇನೆ. ಅವನ ಕಾಲೇಜಿನ ವೆಬ್‌ಸೈಟ್ ಐಪಿ ಅಡ್ರೆಸ್‌ನ ಹೊಸ ಪದ್ಧತಿಯಾದ ಐಪಿವಿ6ನಲ್ಲಿ ತೆರೆಯುತ್ತದಾ ನೋಡಲಿ. ಅದರ ಡೊಮೇನ್‌ಗೆ ಡಿಎನ್‌ಎಸ್‌ಸೆಕ್ ಸಹಿ, ಅಂದರೆ ಆ ಹೆಸರಿಗೆ ಸಿಗುವ ವಿಳಾಸ ನಕಲಿ ಅಲ್ಲ ಅಂತ ತೋರಿಸುವ ಗುರುತು, ಇದೆಯಾ ನೋಡಲಿ. ಹೆಸರುಗಳಿಗೆ ಅಡ್ರೆಸ್ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯ ಬೇರಿಗೇ ಈ ಸಹಿ ಬಂದದ್ದು 2010ರ ಜುಲೈನಲ್ಲಿ, ಏಪಿನಿಕ್‌ನ ಹಳೆಯ ಐಪಿವಿ4 ಅಡ್ರೆಸ್‌ಗಳು ಕೊನೆಯ ಕಂತಿಗೆ ಇಳಿದದ್ದು 2011ರ ಏಪ್ರಿಲ್‌ನಲ್ಲಿ. ಇಷ್ಟು ವರ್ಷದ ಮೇಲೂ ತನ್ನ ಕಾಲೇಜಿನಲ್ಲಿ ಅದು ಇಲ್ಲ ಅಂತ ಅವನೇ ಕಂಡುಕೊಂಡರೆ "ಯಾಕಿಲ್ಲ?" ಅನ್ನುವ ಪ್ರಶ್ನೆ ಅವನದೇ ಆಗುತ್ತದೆ. ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಲಿ, ಅವರು ಸರ್ವೀಸ್ ಕೊಡುವ ಕಂಪನಿಯ ಕಡೆ ಕೈ ತೋರಿಸುತ್ತಾರೆ, ಕಂಪನಿಯವರು ಇನ್ಯಾರ ಕಡೆಗೋ. ಹೀಗೆ ಮೂರು ಬಾಗಿಲು ತಟ್ಟಿದವನಿಗೆ ಇಂಟರ್ನೆಟ್ ಗವರ್ನೆನ್ಸ್ ಅಂದರೆ ಏನು ಅಂತ ಪಾಠ ಮಾಡಬೇಕಾಗಿಲ್ಲ.

ಐಇಟಿಎಫ್ ಕಡೆ ಹೋಗುವುದಾದರೆ ಒಂದು ವಿಷಯ ಮೊದಲೇ ಹೇಳಿಬಿಡಿ. ಅಲ್ಲಿ ಸದಸ್ಯತ್ವ ಇಲ್ಲ, ಮತ ಹಾಕುವುದೂ ಇಲ್ಲ. ಕೋಣೆಯ ಒಲವು ತಿಳಿಯಬೇಕಾದರೆ ಕೈ ಎತ್ತಿಸುವ ಬದಲು ಹೂಂಕರಿಸಿ ಅನ್ನುವ ರೂಢಿ ಅಲ್ಲಿಯದು, ಬಾಯಿ ಮುಚ್ಚಿ 'ಹ್ಮ್' ಅನ್ನಬೇಕು. ಯಾವುದರ ಸದ್ದು ಜೋರಾಗಿದೆ ಅಂತ ನೋಡುತ್ತಾರೆ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಒಪ್ಪದವರ ಕಾರಣಕ್ಕೆ ಉತ್ತರ ಸಿಕ್ಕಿದೆಯಾ ಅಂತ ನೋಡಬೇಕು. ಕೊನೆಯ ತೀರ್ಮಾನ ಎಲ್ಲರಿಗೂ ಇಮೇಲ್ ಹೋಗುವ ಮೇಲಿಂಗ್ ಲಿಸ್ಟ್‌ನಲ್ಲೇ ಆಗಬೇಕು, ಕೋಣೆಯಲ್ಲಿ ಅಲ್ಲ. ಕಲಬುರಗಿಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ವಿಮಾನ ಹತ್ತಲು ಆಗದವನೂ ಅಲ್ಲಿ ಪೂರ್ತಿ ಲೆಕ್ಕಕ್ಕೆ ಬರುತ್ತಾನೆ. ಒಂದು ಚಿಕ್ಕ ಕರಡು ಆರಿಸಿಕೊಡಿ, ಹದಿನೈದು ಪುಟದ ಒಳಗಿನದು. ಅದರಲ್ಲಿ ಅರ್ಥವಾಗದ ಒಂದು ವಾಕ್ಯ ಹುಡುಕಲಿ, ಯಾಕೆ ಅರ್ಥವಾಗಲಿಲ್ಲ ಅಂತ ಲೇಖಕರಿಗೆ ಬರೆಯಲಿ. ಹೊಸಬರಿಗೆ ಅರ್ಥವಾಗದ ವಾಕ್ಯವನ್ನು ತಿದ್ದಬೇಕು ಅಂತ ಒಳ್ಳೆಯ ಲೇಖಕರಿಗೆ ಗೊತ್ತಿರುತ್ತದೆ.

ಆದರೆ ಅವನ ಇಮೇಲ್ 'ರೆಸ್ಪೆಕ್ಟೆಡ್ ಸರ್' ಅಂತ ಶುರುವಾಗುತ್ತದೆ, ನೋಡುತ್ತಿರಿ. ಇದು ನಮ್ಮ ಕಡೆಯ ಹೊಸಬರೆಲ್ಲರ ಕಷ್ಟ, ನನ್ನದೂ ಆಗಿತ್ತು. ಹಿರಿಯರಿಗೆ ಎದುರು ಮಾತಾಡಬಾರದು ಅಂತ ಬೆಳೆದವರು ನಾವು. ಅಲ್ಲಿ ಮೂವತ್ತು ವರ್ಷದ ಅನುಭವ ಇರುವವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ನಿಮ್ಮ ನಾಲ್ಕನೇ ಪುಟ ತಪ್ಪು ಅಂತ ವಿದ್ಯಾರ್ಥಿ ಹೇಳಿದರೂ ಅದನ್ನು ಅವಮಾನ ಅಂತ ಯಾರೂ ತಿಳಿಯುವುದಿಲ್ಲ. ನಮ್ಮ ಮರ್ಯಾದೆಯ ಮಾತು ಅಲ್ಲಿ ಅಡ್ಡ ಬರುತ್ತದೆ, ಏಕೆಂದರೆ ಸರ್ ಅಂದ ಮೇಲೆ ತಪ್ಪು ತೋರಿಸೋಕೆ ನಮ್ಮ ಕೈಯೇ ಬರುವುದಿಲ್ಲ. ಹಾಗಂತ ಅವನ ಪತ್ರ ನೀವು ತಿದ್ದಿ ಕೊಡಬೇಡಿ. ನೀವು ಹಿಂದೆ ಬರೆದ ಮೊದಲ ಇಮೇಲ್ ತೆಗೆದು ಅವನಿಗೆ ತೋರಿಸಿ, ಅದಕ್ಕೆ ಬಂದ ಉತ್ತರವನ್ನೂ ತೋರಿಸಿ. ಅವನೇ ಬದಲಾಯಿಸಿಕೊಳ್ಳುತ್ತಾನೆ.

ಇಂಗ್ಲಿಷಿನ ಭಯಕ್ಕೂ ಒಂದು ಮಾತು. ಐಕ್ಯಾನ್‌ನ ದೊಡ್ಡ ಸಭೆಗಳಲ್ಲಿ ವಿಶ್ವಸಂಸ್ಥೆಯ ಆರು ಭಾಷೆಗಳಿಗೆ ಅಲ್ಲೇ ಅನುವಾದ ನಡೆಯುತ್ತದೆ. ಆ ಆರರಲ್ಲಿ ಕನ್ನಡ ಇಲ್ಲ. ಮೈಕ್ ಮುಂದೆ ನಿಂತಾಗ ಎರಡು ನಿಮಿಷ ಸಿಕ್ಕರೆ ಹೆಚ್ಚು. ನನ್ನ ಜೊತೆ ಬಂದಿದ್ದ ಒಬ್ಬ ಹುಡುಗಿಗೆ ಹೀಗೆ ಮಾಡಿಸಿದ್ದೆ: ಹೇಳಬೇಕಾದದ್ದನ್ನು ಮೊದಲು ನನಗೆ ಕನ್ನಡದಲ್ಲಿ ಹೇಳು, ನಾಲ್ಕು ವಾಕ್ಯದಲ್ಲಿ. ಆಮೇಲೆ ಅದೇ ನಾಲ್ಕನ್ನು ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೋ. ಸಾಲಿನಲ್ಲಿ ಅವಳ ಹಿಂದೆಯೇ ನಾನು ನಿಂತೆ. ಅವಳ ಕೈಯಲ್ಲಿ ಚೀಟಿ ನಡುಗುತ್ತಿತ್ತು. ಮೊದಲ ವಾಕ್ಯ ಓದಿದಳು, ಎರಡನೆಯದು ಓದಿದಳು, ಮೂರನೆಯದಕ್ಕೆ ಚೀಟಿ ಕೆಳಗಿಳಿಸಿ ಎದುರು ನೋಡಿ ಮಾತಾಡಿದಳು. ನನ್ನ ಸರದಿ ಬಂದಾಗ "ಈಗ ಅವರು ಹೇಳಿದ್ದನ್ನು ಒಪ್ಪುತ್ತೇನೆ" ಅಂತ ಅಷ್ಟೇ ಹೇಳಿ ಬಂದೆ. ಹೊಸಬರು ಮಾತಾಡಿದ ಮೇಲೆ ಸಭೆಯಲ್ಲಿ ಒಂದು ಮೌನ ಬರುತ್ತದಲ್ಲ, ಅದನ್ನು ಯಾರಾದರೂ ಒಬ್ಬರು ತುಂಬಬೇಕು. ಅದು ನಿಮ್ಮ ಕೆಲಸ ಅಂತ ಇಟ್ಟುಕೊಳ್ಳಿ.

ಹೊತ್ತಿನ ವಿಷಯ ಸಣ್ಣದಾಗಿ ಕಾಣುತ್ತದೆ, ಸಣ್ಣದಲ್ಲ. ಈ ಗುಂಪುಗಳ ಕಾಲ್ ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂವರೆಗೆ ಬೇಕಾದರೂ ಬರಬಹುದು. ಮನೆಯಲ್ಲಿ ಮಕ್ಕಳಿರುವ, ಬೆಳಿಗ್ಗೆ ಕ್ಲಾಸ್ ಇರುವ ಮೇಡಂಗೆ "ಎಲ್ಲ ಕಾಲ್‌ಗೂ ಬನ್ನಿ" ಅಂದರೆ ಅವರು ಬಿಟ್ಟುಹೋಗುತ್ತಾರೆ. ಹೆಚ್ಚಿನದು ರೆಕಾರ್ಡ್ ಆಗಿರುತ್ತದೆ, ಬರಹದಲ್ಲೂ ಸಿಗುತ್ತದೆ. ತಿಂಗಳಿಗೆ ಒಂದು ಕಾಲ್ ಸಾಕು ಅಂತ ನೀವೇ ಹೇಳಿ. ನೀವು ಹೇಳದಿದ್ದರೆ ಎಲ್ಲದಕ್ಕೂ ಹೋಗಲೇಬೇಕು ಅಂತ ಅವರು ತಿಳಿದುಕೊಳ್ಳುತ್ತಾರೆ. ಇನ್ನು ವಿದೇಶಕ್ಕೆ ಹೋಗುವ ದಿನ ಬಂದರೆ ವೀಸಾ ಪತ್ರ ಬೇಗ ತರಿಸಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಲಿ. ಅಷ್ಟು ಸಾಕು.

ಮೆಂಟರ್‌ಗಳು ಮಾಡಬಾರದ್ದು ಎರಡಿವೆ. ಐಕ್ಯಾನ್‌ನ ಗುಂಪುಗಳಲ್ಲೂ ಚುನಾವಣೆ ನಡೆಯುತ್ತದೆ, ಗುಂಪು ಕಟ್ಟುವವರು ಇಲ್ಲೂ ಇದ್ದಾರೆ. ಹೊಸಬರನ್ನು ತಮ್ಮ ಕಡೆಯ ಮತ ಅಂತ ಎಣಿಸಿ ಸದಸ್ಯರನ್ನಾಗಿ ಮಾಡಿಸಿ, ಚುನಾವಣೆ ಮುಗಿದ ಮೇಲೆ ಮರೆತುಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರಿಗೆ ಮತ ಹಾಕಬೇಕು ಅಂತ ನಿಮ್ಮ ಮೆಂಟಿ, ಅಂದರೆ ನಿಮ್ಮ ಹತ್ತಿರ ಕಲಿಯುವ ಹೊಸಬರು, ಕೇಳಿದರೂ ಹೇಳಬೇಡಿ. ಎರಡನೆಯದು, ಮಾತುಕತೆ ಏನಿದ್ದರೂ ಎಲ್ಲರಿಗೂ ಕಾಣುವ ಜಾಗದಲ್ಲಿ, ಲಾಬಿಯಲ್ಲಿ, ಕಾಫಿ ಟೇಬಲ್ ಹತ್ತಿರ. ಹೋಟೆಲ್ ರೂಮಿಗೆ ಕರೆಯುವುದು, ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡುವುದು ಬೇಡ. ಹೆಣ್ಣುಮಕ್ಕಳಿಗೆ ಮೊದಲ ದಿನವೇ ಹೇಳಿ, ಯಾರಾದರೂ ಹದ್ದು ಮೀರಿದರೆ ದೂರು ಕೊಡೋಕೆ ಜಾಗ ಇದೆ. ಐಇಟಿಎಫ್‌ನಲ್ಲಿ ಅದಕ್ಕೆ 2016ರಿಂದ ನಿಯಮ ಇದೆ, ಐಕ್ಯಾನ್‌ನಲ್ಲಿ 2017ರಿಂದ. ಇದನ್ನು ಹೇಳೋಕೆ ಮುಜುಗರ ಆಗುತ್ತದೆ ನಿಜ. ಆದರೂ ಹೇಳಿ, ಏಕೆಂದರೆ ಬೇಕಾದ ದಿನ ಅದನ್ನು ಹುಡುಕುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ.

"ನಾನೇ ಇನ್ನೂ ಪೂರ್ತಿ ಕಲಿತಿಲ್ಲ" ಅಂದಿದ್ದೀರಿ. ನನಗೆ ಅದು ಒಳ್ಳೆಯ ಸುದ್ದಿಯಾಗಿಯೇ ಕಂಡಿತು. ಇಪ್ಪತ್ತು ವರ್ಷದಿಂದ ಇಲ್ಲಿರುವವರಿಗೆ ತಮಗೆ ಏನು ಅರ್ಥವಾಗಿರಲಿಲ್ಲ ಅನ್ನುವುದೇ ಮರೆತುಹೋಗಿರುತ್ತದೆ. ನಿಮಗೆ ಇನ್ನೂ ನೆನಪಿದೆ. ಗೊತ್ತಿಲ್ಲದ್ದು ಬಂದಾಗ "ನನಗೂ ಗೊತ್ತಿಲ್ಲ, ಗೊತ್ತಿರುವವರನ್ನು ಕೇಳೋಣ" ಅಂತ ಮೂವರೂ ಇರುವ ಒಂದು ಇಮೇಲ್ ಬರೆಯಿರಿ. ಅದರಲ್ಲಿ "ಇವರು ನನ್ನ ಮೆಂಟಿ, ಸಹಾಯ ಮಾಡಿ" ಅಂತ ಬರೆಯಬೇಡಿ. "ಇವರು ಕನ್ನಡ ಇಮೇಲ್ ಐಡಿಯನ್ನು ಹತ್ತು ಕಡೆ ಹಾಕಿ ನೋಡಿದ್ದಾರೆ, ಏಳನೆಯದರಲ್ಲಿ ಹೀಗೆ ಆಗಿದೆ, ನಿಮಗೆ ಕಾರಣ ಗೊತ್ತಿರಬಹುದು" ಅಂತ ಬರೆಯಿರಿ. ಮೊದಲನೆಯದಕ್ಕೆ ಶುಭಾಶಯ ಬರುತ್ತದೆ, ಎರಡನೆಯದಕ್ಕೆ ಉತ್ತರ ಬರುತ್ತದೆ.

ಹುಡುಗನಿಗೆ ಈ ವಾರವೇ ಫೋನ್ ಮಾಡಿ, ಪರೀಕ್ಷೆ ಇದ್ದರೆ ಮುಗಿಯುವ ದಿನ ಕೇಳಿ ಬರೆದಿಟ್ಟುಕೊಳ್ಳಿ, ಅದರ ಮಾರನೇ ದಿನ ಮತ್ತೆ ಮಾಡಿ. ಮೇಡಂ ಜೊತೆ ಕೂರೋಕೆ ಅವರಿಗೆ ಬಿಡುವಿರುವ ಒಂದು ಶನಿವಾರ ಮಧ್ಯಾಹ್ನ ನೋಡಿ. ಅವರ ಹತ್ತು ಕಡೆಯ ಪುಟ ತಯಾರಾದಾಗ ನನಗೂ ಕಳಿಸಿ, ನನಗೆ ಅದು ಬೇಕು. ರ‍್ಯಾಂಕ್ ಬಗ್ಗೆ ಅವರು ಏನಂದರು ಅಂತಲೂ ಬರೆಯಿರಿ.